ಖಿನ್ನತೆಯ ಮಾತ್ರೆ, ಸ್ನಾಯುವಿನ ರೋಗ



ಈ ಸಂಜೆ ಮಾತನಾಡಲು ನಾನು ಆರಿಸಿಕೊಂಡಿರುವ ರೋಗ ಬಹಳ ಅಪರೂಪದ್ದು. ಸಭೆಯಲ್ಲಿರುವ ಅನುಭವಿ ವೈದ್ಯರಲ್ಲೂ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡಿರಲಾರರು. ಆದರೂ ಅದನ್ನೇ ಆರಿಸಿಕೊಂಡೆ. ಔಷಧಶಾಸ್ತ್ರ ಕಲಿಸುವುದು ನನ್ನ ಕಸುಬು. ಒಂದೇ ಮಾತ್ರೆ ಒಬ್ಬರನ್ನು ಏಕೆ ಎಬ್ಬಿಸಿ ನಿಲ್ಲಿಸುತ್ತದೆ, ಇನ್ನೊಬ್ಬರನ್ನು ಏಕೆ ನೆಲಕ್ಕೆ ಕೆಡವುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಕಾಯಿಲೆ ಇನ್ನೊಂದಿದೆಯೆಂದು ನನಗನ್ನಿಸಿಲ್ಲ. ರೋಗದ ಹೆಸರು ಸ್ಲೋ-ಚಾನೆಲ್ ಜನ್ಮಜಾತ ಮಯಸ್ತೀನಿಯ, ಸ್ನಾಯುಗಳನ್ನು ಸೋಲಿಸುವ ಕಾಯಿಲೆ. ಅದಕ್ಕೆ ಬಳಸುವ ಮಾತ್ರೆ ಫ್ಲುಯೊಕ್ಸೆಟಿನ್. ಹೌದು, ಪ್ರೊಜಾಕ್ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಪರಿಚಯವಾದ, ಮನೋವೈದ್ಯರು ಖಿನ್ನತೆಗೆ ಬರೆದುಕೊಡುವ ಅದೇ ಮಾತ್ರೆ.

ಮೊದಲು ಮೈಯೊಳಗೆ ನಡೆಯುವುದೇನು ಎಂದು ನೋಡೋಣ. ಕೈ ಎತ್ತಬೇಕೆಂದು ನಾವು ಎಣಿಸಿದಾಗ ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಎದುರಿಗೆ ಸ್ನಾಯುವಿನ ಪೊರೆಯಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ದಟ್ಟವಾಗಿ ಕೂತಿವೆ. ಐದು ಪ್ರೋಟೀನ್ ತುಂಡುಗಳು ದುಂಡಗೆ ಸೇರಿ ಒಂದು ಗ್ರಾಹಕ. ಅದರ ನಡುವೆ ಸಣ್ಣದೊಂದು ನಾಳ. ಅಸಿಟೈಲ್‌ಕೋಲೀನ್ ಬಂದು ಅಂಟಿದೊಡನೆ ಆ ನಾಳ ತೆರೆದುಕೊಂಡು ಸೋಡಿಯಂ ಒಳಗೆ ನುಗ್ಗುತ್ತದೆ, ಜೊತೆಗೆ ಒಂದಿಷ್ಟು ಕ್ಯಾಲ್ಸಿಯಂ ಕೂಡ. ಸ್ನಾಯು ಬಿಗಿಯುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ನಾಳ ಮುಚ್ಚಿಕೊಳ್ಳುತ್ತದೆ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ತೂಬು ತೆರೆದರೆ ಗದ್ದೆಗೆ ನೀರು. ಹೊತ್ತಿಗೆ ಸರಿಯಾಗಿ ಮುಚ್ಚದೆ ಹೋದರೆ ಅದೇ ನೀರಿನಲ್ಲಿ ನಿಂತು ಪೈರು ಕೊಳೆಯುತ್ತದೆ.

ಸ್ಲೋ-ಚಾನೆಲ್ ರೋಗದಲ್ಲಿ ಆಗುವುದು ಇದೇ. ಗ್ರಾಹಕದ ಐದು ತುಂಡುಗಳಲ್ಲಿ ಯಾವುದೋ ಒಂದರಲ್ಲಿ, ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ನಾಳ ಮುಚ್ಚಲು ತಡಮಾಡುತ್ತದೆ, ಇರಬೇಕಾದುದಕ್ಕಿಂತ ಹಲವು ಪಟ್ಟು ಹೊತ್ತು ತೆರೆದೇ ಇರುತ್ತದೆ. ಕ್ಯಾಲ್ಸಿಯಂ ಮಿತಿಮೀರಿ ಒಳಸೇರಿ, ನರ ಸ್ನಾಯುವನ್ನು ಮುಟ್ಟುವ ಆ ಜಾಗವನ್ನೇ ಮೆಲ್ಲಮೆಲ್ಲನೆ ಹಾಳುಮಾಡುತ್ತದೆ. ಕೆಲವರಿಗೆ ಎಳವೆಯಲ್ಲಿ, ಕೆಲವರಿಗೆ ದೊಡ್ಡವರಾದ ಮೇಲೆ ತೊಂದರೆ ಕಾಣಿಸುತ್ತದೆ. ಕುತ್ತಿಗೆ ಎತ್ತಿ ಹಿಡಿಯುವುದು ಕಷ್ಟ. ಮಣಿಕಟ್ಟು ಮತ್ತು ಬೆರಳುಗಳನ್ನು ಮೇಲೆತ್ತುವ ಸ್ನಾಯುಗಳು ವಿಶೇಷವಾಗಿ ಸೋಲುತ್ತವೆ. ಮೆಟ್ಟಿಲು ಹತ್ತುವುದು, ಕೊಡ ಎತ್ತುವುದು, ತಲೆ ಬಾಚಿಕೊಳ್ಳುವುದು ದಿನದಿನಕ್ಕೆ ಭಾರವಾಗುತ್ತವೆ. ಕೆಲವರಲ್ಲಿ ಉಸಿರಾಟದ ಸ್ನಾಯುಗಳಿಗೂ ತಟ್ಟುತ್ತದೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನ ಆಂಡ್ರ್ಯೂ ಎಂಗೆಲ್ ಮತ್ತು ಅವರ ಸಂಗಡಿಗರು 1982ರಲ್ಲಿ ಈ ರೋಗವನ್ನು ಬೇರೆಯದೆಂದು ಗುರುತಿಸಿ ಬರೆದರು. ಆಗ ರೋಗಿಗಳ ವಂಶವಾಹಿಯ ಅಕ್ಷರಗಳನ್ನು ಸುಲಭವಾಗಿ ಓದುವ ಸೌಲಭ್ಯ ಇರಲಿಲ್ಲ. ರೋಗಿಗಳ ಪಕ್ಕೆಲುಬುಗಳ ನಡುವಿನ ಸ್ನಾಯುವಿನ ಚಿಕ್ಕ ಚೂರನ್ನು ತೆಗೆದು, ಅದು ಜೀವಂತವಿರುವಾಗಲೇ ಸೂಕ್ಷ್ಮ ವಿದ್ಯುದ್ವಾರ ಚುಚ್ಚಿ, ಸಂಕೇತ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದರು. ಸಂಕೇತ ಬಹಳ ಹೊತ್ತು ಉಳಿಯುತ್ತಿತ್ತು. ನಾಳ ಮುಚ್ಚಲು ತಡಮಾಡುತ್ತಿದೆ ಎಂದು ಊಹಿಸಿದರು. ಹದಿಮೂರು ವರ್ಷಗಳ ಮೇಲೆ, 1995ರಲ್ಲಿ, ಈ ರೋಗಕ್ಕೆ ಕಾರಣವಾದ ವಂಶವಾಹಿ ಬದಲಾವಣೆಗಳು ಒಂದೊಂದಾಗಿ ಸಿಕ್ಕಿದಾಗ ಊಹೆ ನಿಜವಾಯಿತು. ಎದೆಗೂಡಿನ ಸ್ನಾಯುವಿನ ಚೂರನ್ನು ಕೊಡಲು ಒಪ್ಪಿದ ಆ ರೋಗಿಗಳ ಹೆಸರು ಯಾವ ಲೇಖನದಲ್ಲೂ ಇಲ್ಲ. ನಾನಿಂದು ಹೇಳುವ ಎಲ್ಲಕ್ಕೂ ಮೊದಲ ಋಣ ಅವರದು.

ಒಂದೇ ಒಂದು ನಾಳ ತೆರೆದು ಮುಚ್ಚುವುದನ್ನು ಅಳೆಯುವ ವಿದ್ಯೆ ಬಂದದ್ದೂ ಇದೇ ಗ್ರಾಹಕದಿಂದ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಸಣ್ಣ ಗಾಜಿನ ಕೊಳವೆ ಇಟ್ಟು, ಅಸಿಟೈಲ್‌ಕೋಲೀನ್ ಗ್ರಾಹಕದ ಒಂಟಿ ನಾಳದಲ್ಲಿ ಹರಿಯುವ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಕಪ್ಪೆಯ ಸ್ನಾಯುವಿನಲ್ಲಿ ಇಷ್ಟು ಸಣ್ಣದನ್ನು ಅಳೆದು ಆಗಬೇಕಾದುದೇನು ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆ ಅಳತೆ ಇಲ್ಲದಿದ್ದರೆ ಇಂದು ನಾವು ಮಾತನಾಡುತ್ತಿರುವ ಚಿಕಿತ್ಸೆ ಹುಟ್ಟುತ್ತಲೇ ಇರಲಿಲ್ಲ.

ಈಗ ಔಷಧದ ವಿಷಯಕ್ಕೆ ಬರುತ್ತೇನೆ. ಮಯಸ್ತೀನಿಯ ಎಂದ ಕೂಡಲೇ ವೈದ್ಯರ ಕೈ ಒಂದು ಮಾತ್ರೆಯ ಕಡೆಗೆ ಹೋಗುತ್ತದೆ: ಪಿರಿಡೊಸ್ಟಿಗ್ಮಿನ್. ಅದಕ್ಕೆ ಕಾರಣವೂ ಇದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಮಯಸ್ತೀನಿಯ ಗ್ರೇವಿಸ್‌ನಿಂದ ಸೊರಗಿದ್ದ ರೋಗಿಗೆ ಫೈಸೊಸ್ಟಿಗ್ಮಿನ್ ಚುಚ್ಚಿ, ಬಿದ್ದಿದ್ದ ರೆಪ್ಪೆ ಮೇಲೇಳುವುದನ್ನು ತೋರಿಸಿದರು. ಆ ಗುಂಪಿನ ಔಷಧಗಳು ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ರಾಸಾಯನಿಕ ಹೆಚ್ಚು ಹೊತ್ತು ಉಳಿಯುತ್ತದೆ. ಗ್ರಾಹಕಗಳು ಕಡಿಮೆಯಾಗಿರುವ ಮಯಸ್ತೀನಿಯ ಗ್ರೇವಿಸ್‌ನಂಥ ರೋಗದಲ್ಲಿ ಅದು ವರ. ಸ್ಲೋ-ಚಾನೆಲ್ ರೋಗದಲ್ಲಿ? ಮುಚ್ಚದ ನಾಳದ ಮುಂದೆ ಇನ್ನಷ್ಟು ಅಸಿಟೈಲ್‌ಕೋಲೀನ್ ನಿಲ್ಲಿಸಿದಂತಾಗುತ್ತದೆ. ರೋಗಿಗೆ ಗುಣವಾಗದು, ಹಲವರಿಗೆ ಇನ್ನೂ ಕೆಡುತ್ತದೆ. ಇಲ್ಲಿ ಬೇಕಾಗಿದ್ದದ್ದು ಇದಕ್ಕೆ ತದ್ವಿರುದ್ಧವಾದ ಔಷಧ: ನಾಳ ತೆರೆದ ಮೇಲೆ ಒಳಹೊಕ್ಕು ಅದನ್ನು ಬೇಗ ಅಡ್ಡಗಟ್ಟುವಂಥದ್ದು.

ಅಂಥದ್ದೊಂದು ಸಿಕ್ಕಿದ್ದು ಮಲೇರಿಯಾ ಮದ್ದಿನ ಮನೆತನದಲ್ಲಿ. ಮಲೆನಾಡಿನ ಹಿರಿಯರಿಗೆ ಕ್ವಿನೈನ್ ಕಹಿಯ ನೆನಪಿದ್ದೀತು. ಸಿಂಕೋನಾ ಮರದ ತೊಗಟೆಯಿಂದ ಬರುವ ಅದನ್ನು ಪಡೆಯಲೆಂದೇ ಬ್ರಿಟಿಷರು 1860ರ ದಶಕದಲ್ಲಿ ನೀಲಗಿರಿಯಲ್ಲಿ ತೋಟ ಮಾಡಿದ್ದರು. ಅದೇ ತೊಗಟೆಯ ಇನ್ನೊಂದು ಸತ್ವ ಕ್ವಿನಿಡಿನ್. ಹೃದಯದ ಲಯ ತಪ್ಪಿದಾಗ ಬಹಳ ಕಾಲ ಕೊಡುತ್ತಿದ್ದದ್ದು. ತಪ್ಪಿದ ನಾಳಗಳು ತೆರೆದಿರುವ ಅವಧಿಯನ್ನು ಕ್ವಿನಿಡಿನ್ ಬಹುತೇಕ ಸಹಜಕ್ಕೆ ತರುತ್ತದೆಂದು ಎಂಗೆಲ್ ಅವರ ಪ್ರಯೋಗಾಲಯ 1998ರಲ್ಲಿ ತೋರಿಸಿತು. ಅದೇ ವರ್ಷ ಅವರು ಮತ್ತು ಸಹೋದ್ಯೋಗಿ ಮಿಷೆಲ್ ಹಾರ್ಪರ್, ಕೆಲವೇ ರೋಗಿಗಳಿಗೆ ಕೊಟ್ಟು, ಶಕ್ತಿ ಮರಳಿದ್ದನ್ನು ವರದಿ ಮಾಡಿದರು. ಆದರೆ ಕ್ವಿನಿಡಿನ್ ಎಲ್ಲರಿಗೂ ಒಗ್ಗುವುದಿಲ್ಲ. ಹೃದಯದ ಲಯವನ್ನು ಸರಿಪಡಿಸುವ ಅದು, ಅದೇ ಲಯವನ್ನು ಕೆಡಿಸಲೂ ಬಲ್ಲದು. ಹೊಟ್ಟೆ ಕೆಡುತ್ತದೆ, ಕೆಲವರಿಗೆ ಅಲರ್ಜಿ. ಹಲವು ದೇಶಗಳಲ್ಲಿ ಸಿಗುವುದೂ ಕಷ್ಟವಾಗಿದೆ.

ಫ್ಲುಯೊಕ್ಸೆಟಿನ್ ಈ ಕಥೆಗೆ ಬಂದದ್ದು ಬೇರೆಯೇ ದಾರಿಯಿಂದ. ಇಂಡಿಯಾನಾಪೊಲಿಸ್‌ನ ಇಲೈ ಲಿಲ್ಲಿ ಕಂಪನಿಯ ಪ್ರಯೋಗಾಲಯದಲ್ಲಿ 1970ರ ದಶಕದ ಮೊದಲಲ್ಲಿ ರೂಪುಗೊಂಡ ಆ ವಸ್ತುವಿನ ಗುರಿ, ಮಿದುಳಿನ ನರಕೋಶಗಳು ಸೆರೊಟೊನಿನ್ ಎಂಬ ರಾಸಾಯನಿಕವನ್ನು ಮರಳಿ ಹೀರದಂತೆ ತಡೆಯುವುದು. ಅಮೆರಿಕದಲ್ಲಿ ಖಿನ್ನತೆಯ ಚಿಕಿತ್ಸೆಗೆ 1987ರ ಕೊನೆಯಲ್ಲಿ ಅನುಮತಿ ದೊರೆಯಿತು. ಕೋಟ್ಯಂತರ ಜನ ಸೇವಿಸಿದರು. ಹತ್ತು ವರ್ಷ ಕಳೆದು, 1997ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಸಿಕೋ ಮೂಲದ ವಿಜ್ಞಾನಿ ರಿಕಾರ್ಡೊ ಮಿಲೆಡಿ ಮತ್ತು ಸಂಗಡಿಗರು ಒಂದು ಪ್ರಶ್ನೆ ಕೇಳಿದರು: ಈ ಮಾತ್ರೆ ಅಸಿಟೈಲ್‌ಕೋಲೀನ್ ಗ್ರಾಹಕಗಳನ್ನೂ ಮುಟ್ಟುತ್ತದೆಯೇ? ಆಫ್ರಿಕದ ಒಂದು ಕಪ್ಪೆಯ ಮೊಟ್ಟೆಗಳಲ್ಲಿ ಸ್ನಾಯುವಿನ ಗ್ರಾಹಕಗಳನ್ನು ಬೆಳೆಸಿ ನೋಡಿದಾಗ ಉತ್ತರ ಹೌದೆಂದು ಬಂತು. ಫ್ಲುಯೊಕ್ಸೆಟಿನ್ ಆ ಗ್ರಾಹಕಗಳನ್ನು ತಡೆಯುತ್ತಿತ್ತು. ಸ್ಲೋ-ಚಾನೆಲ್ ರೋಗಕ್ಕೆ ಮದ್ದು ಹುಡುಕುವುದು ಅವರ ಗುರಿಯಾಗಿರಲಿಲ್ಲ.

ಮೇಯೊದವರು ಮಿಲೆಡಿ ಅವರ ಲೇಖನವನ್ನು ಓದಿದರು. ನನ್ನ ವಿದ್ಯಾರ್ಥಿಗಳು ಈ ಒಂದು ವಾಕ್ಯದ ಬಳಿ ಸ್ವಲ್ಪ ನಿಲ್ಲಬೇಕೆಂದು ನನ್ನ ಆಸೆ. ಹೊಸ ಅಣು ಕಟ್ಟಲಿಲ್ಲ, ಹೊಸ ಕಾರ್ಖಾನೆ ತೆರೆಯಲಿಲ್ಲ. ಒಬ್ಬರ ಮೂಲವಿಜ್ಞಾನದ ಫಲಿತಾಂಶವನ್ನು ಇನ್ನೊಬ್ಬರು ತಮ್ಮ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರು. ರೋಗಿಗಳಲ್ಲಿ ಕಂಡ ಬದಲಾವಣೆಯನ್ನೇ ಹೊತ್ತ ಗ್ರಾಹಕಗಳನ್ನು ಕೋಶಗಳಲ್ಲಿ ಬೆಳೆಸಿ ಫ್ಲುಯೊಕ್ಸೆಟಿನ್ ಹಾಕಿದಾಗ, ನಾಳ ತೆರೆದಿರುವ ಅವಧಿ ಸಹಜದ ಹತ್ತಿರಕ್ಕೆ ಇಳಿಯಿತು. 2003ರಲ್ಲಿ ಹಾರ್ಪರ್, ಅವರ ಸಂಗಡಿಗ ಫುಕುಡೋಮೆ ಮತ್ತು ಎಂಗೆಲ್ ಅವರು ನ್ಯೂರಾಲಜಿ ಪತ್ರಿಕೆಯಲ್ಲಿ ಇಬ್ಬರು ರೋಗಿಗಳ ಕಥೆ ಬರೆದರು. ಕ್ವಿನಿಡಿನ್ ಒಗ್ಗದ ಅವರಿಗೆ ದಿನಕ್ಕೆ 80ರಿಂದ 120 ಮಿಲಿಗ್ರಾಂವರೆಗೆ ಫ್ಲುಯೊಕ್ಸೆಟಿನ್ ಕೊಟ್ಟಿದ್ದರು. ರೋಗಿಗಳಿಗೂ ಚೇತರಿಕೆ ಅನುಭವಕ್ಕೆ ಬಂತು, ಅಳತೆಯಲ್ಲೂ ಕಂಡಿತು. 2006ರಲ್ಲಿ ಸ್ಪೇನಿನ ವೈದ್ಯರು ದೀರ್ಘಕಾಲದ ಸುಧಾರಣೆಯನ್ನು ವರದಿ ಮಾಡಿದರು. ಅನಂತರ ಬೇರೆ ದೇಶಗಳಿಂದಲೂ ಅಂಥ ವರದಿಗಳು ಬಂದಿವೆ. ಚೇತರಿಕೆ ವಾರದಲ್ಲಿ ಬರುವುದಿಲ್ಲ. ಹಾಳಾದ ಸಂಧಿಸ್ಥಾನ ಮತ್ತೆ ಕೂಡಿಕೊಳ್ಳಲು ತಿಂಗಳುಗಳು ಬೇಕು.

ಇಲ್ಲಿರುವ ಸೊಗಸನ್ನು ಹೇಳದೆ ಮುಂದೆ ಹೋಗಲಾರೆ. ಫ್ಲುಯೊಕ್ಸೆಟಿನ್ ಹೊಕ್ಕುವುದು ತೆರೆದ ನಾಳವನ್ನು. ಸಹಜ ನಾಳ ಬೇಗ ಮುಚ್ಚಿಕೊಳ್ಳುವುದರಿಂದ ಔಷಧಕ್ಕೆ ಅಲ್ಲಿ ಹೆಚ್ಚು ಅವಕಾಶ ಸಿಗುವುದಿಲ್ಲ. ತಡವಾಗಿ ಮುಚ್ಚುವ ನಾಳದಲ್ಲಿ ಸಿಗುತ್ತದೆ. ರೋಗಿಯ ಸ್ನಾಯುವಿನಲ್ಲಿ ಒಳ್ಳೆಯ ಗ್ರಾಹಕಗಳೂ ಕೆಟ್ಟವೂ ಬೆರೆತಿರುತ್ತವೆ. ಔಷಧ ಮುಖ್ಯವಾಗಿ ಕೆಟ್ಟವನ್ನೇ ತಡೆಯುವುದು, ಕೆಟ್ಟದ್ದರ ಕೆಡುಕನ್ನೇ ಗುರುತಾಗಿ ಬಳಸಿಕೊಂಡು. ಸೆರೊಟೊನಿನ್‌ಗೂ ಈ ಗುಣಕ್ಕೂ ಸಂಬಂಧವಿಲ್ಲ. ಔಷಧಶಾಸ್ತ್ರದ ಎಷ್ಟೋ ಪುಟಗಳನ್ನು ನಾನು ಓದಿಸಿದ್ದೇನೆ, ಇದಕ್ಕಿಂತ ಚೆಂದದ ತರ್ಕ ಎದುರಾಗಿದ್ದು ಅಪರೂಪ.

ಇದೇ ತರ್ಕ ಎಚ್ಚರಿಕೆಯನ್ನೂ ಹೇಳುತ್ತದೆ. ಜನ್ಮಜಾತ ಮಯಸ್ತೀನಿಯ ಎಂಬುದು ಒಂದು ರೋಗವಲ್ಲ. ಮೂವತ್ತಕ್ಕೂ ಹೆಚ್ಚು ವಂಶವಾಹಿಗಳಿಂದ ಬರುವ ರೋಗಗಳ ಗುಂಪು. ಗ್ರಾಹಕಗಳೇ ಕಡಿಮೆಯಿರುವ ಬಗೆಗಳಲ್ಲಿ, ಉಳಿದ ಕೆಲವನ್ನೂ ಫ್ಲುಯೊಕ್ಸೆಟಿನ್ ತಡೆದರೆ ರೋಗಿಗೆ ಆಪತ್ತು. ಗ್ರಾಹಕಗಳನ್ನು ಒಂದೆಡೆ ಕೂಡಿಹಾಕುವ ರ‍್ಯಾಪ್ಸಿನ್ ಎಂಬ ಪ್ರೋಟೀನಿನ ದೋಷವಿದ್ದ ರೋಗಿಯ ದೌರ್ಬಲ್ಯ ಫ್ಲುಯೊಕ್ಸೆಟಿನ್‌ನಿಂದ ಉಲ್ಬಣಿಸಿದ್ದನ್ನು 2017ರಲ್ಲಿ ಮೇಯೊ ವೈದ್ಯರೇ ಬರೆದಿದ್ದಾರೆ. ಇನ್ನೊಂದು ಬಗೆಯಿದೆ: ಅಸಿಟೈಲ್‌ಕೋಲೀನ್ ಒಡೆಯುವ ಕಿಣ್ವವನ್ನು ಅದರ ಸ್ಥಾನದಲ್ಲಿ ಕಟ್ಟಿಹಾಕುವ ಪ್ರೋಟೀನಿನ ದೋಷ. ನರಕ್ಕೆ ಒಂದೇ ಸಲ ವಿದ್ಯುತ್ ತಾಗಿಸಿದಾಗ ಸ್ನಾಯು ಎರಡು ಸಲ ಉತ್ತರಿಸುವುದು ಇದರಲ್ಲೂ ಸ್ಲೋ-ಚಾನೆಲ್‌ನಲ್ಲೂ ಕಾಣುತ್ತದೆ, ಪಿರಿಡೊಸ್ಟಿಗ್ಮಿನ್ ಎರಡರಲ್ಲೂ ಒಗ್ಗದು. ಆದರೆ ಇದಕ್ಕೆ ಬೇಕಾದದ್ದು ಎಫೆಡ್ರಿನ್, ಅಥವಾ ಉಬ್ಬಸಕ್ಕೆ ಕೊಡುವ ಸಾಲ್ಬ್ಯುಟಮಾಲ್. ಹೊರಗಿನಿಂದ ನೋಡಿದರೆ ಎಲ್ಲ ಮಕ್ಕಳೂ ಸೋತವರಂತೆಯೇ ಕಾಣುತ್ತಾರೆ. ಯಾವ ವಂಶವಾಹಿಯೆಂದು ತಿಳಿಯದೆ ಕೊಡುವ ಮಾತ್ರೆ ಕಣ್ಣುಕಟ್ಟಿ ಕೊಟ್ಟ ಮಾತ್ರೆ.

ಮಾತ್ರೆಗೆ ತನ್ನವೇ ಅಪಾಯಗಳೂ ಇವೆ. ಖಿನ್ನತೆಗೆ ಸಾಮಾನ್ಯವಾಗಿ 20 ಮಿಲಿಗ್ರಾಂನಿಂದ ಶುರುಮಾಡುತ್ತಾರೆ; ಇಲ್ಲಿ ಕೊಡುವುದು ಅದರ ಹಲವು ಪಟ್ಟು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಖಿನ್ನತೆ ನಿವಾರಕಗಳು ಆತ್ಮಹತ್ಯೆಯ ಯೋಚನೆಗಳನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಕಡ್ಡಾಯಮಾಡಿತು. ಖಿನ್ನತೆಯೇ ಇಲ್ಲದ ಸ್ನಾಯುರೋಗದ ಹುಡುಗನಿಗೆ ಕೊಡುವಾಗಲೂ ತಂದೆತಾಯಿಗೆ ಈ ಮಾತು ಹೇಳಲೇಬೇಕು. ರಕ್ತದ ಸೋಡಿಯಂ ಇಳಿಯಬಹುದು. ಬೇರೆ ಹಲವು ಔಷಧಗಳನ್ನು ಯಕೃತ್ತು ಒಡೆಯುವುದನ್ನು ಫ್ಲುಯೊಕ್ಸೆಟಿನ್ ತಡೆಯುತ್ತದೆ. ನೋವಿಗೆ ಬರೆಯುವ ಟ್ರಮಡಾಲ್ ಜೊತೆ ಸೇರಿದರೆ ಅಪಾಯ. ಮೈಯಿಂದ ಪೂರ್ತಿ ಹೊರಹೋಗಲು ವಾರಗಳು ಹಿಡಿಯುತ್ತವೆ.

ಇನ್ನು ಊರಿನ ಮಾತು. ಔಷಧದಂಗಡಿಯಲ್ಲಿ ಚೀಟಿ ನೋಡಿದವರು "ಇದು ತಲೆಗೆ ಕೊಡೋ ಮಾತ್ರೆ ಅಲ್ವಾ?" ಎಂದು ಕೇಳಿಬಿಡುತ್ತಾರೆ. ಮನೆಗೆ ಬಂದು ಅಜ್ಜಿ ಮಾತ್ರೆ ಎತ್ತಿಟ್ಟುಬಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮನೋರೋಗ, ನರರೋಗ ಎರಡನ್ನೂ ಒಂದೇ ಆವರಣದಲ್ಲಿ ನೋಡುವ ಸಂಸ್ಥೆ. ಸ್ನಾಯುರೋಗಕ್ಕೆಂದು ಅಲ್ಲಿಗೆ ಹೋಗಿಬಂದವರಿಗೂ ಕೆಲವು ಊರುಗಳಲ್ಲಿ ಮದುವೆ ಸಂಬಂಧ ತಪ್ಪುತ್ತದೆ. ಅದರಲ್ಲೂ ಈ ರೋಗಿಗಳಿಗೆ ಗಾಯ ಹಳೆಯದು. ಮಯಸ್ತೀನಿಯದ ದೌರ್ಬಲ್ಯ ದಣಿದಷ್ಟೂ ಹೆಚ್ಚುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಬೆಳಿಗ್ಗೆ ನಡೆದ ಹುಡುಗಿ ಸಂಜೆ ನಡೆಯಲಾರಳು. "ಸೋಮಾರಿ", "ನಾಟಕ", "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎಂಬ ಮಾತುಗಳನ್ನು ವರ್ಷಗಟ್ಟಲೆ ಕೇಳಿದವಳಿಗೆ, ಕಡೆಗೂ ಸರಿಯಾದ ರೋಗ ಪತ್ತೆಯಾದ ಮೇಲೆ, ಕೈಗೆ ಖಿನ್ನತೆಯ ಮಾತ್ರೆ ಬಂದರೆ ಆಕೆ ಏನೆಂದುಕೊಳ್ಳಬೇಕು? ಬರೆದುಕೊಡುವ ವೈದ್ಯರು ಐದು ನಿಮಿಷ ಕೂತು, ಈ ಮಾತ್ರೆ ನಿನ್ನ ಸ್ನಾಯುವಿನ ನಾಳಕ್ಕೆ, ನಿನ್ನ ಮನಸ್ಸಿನ ಮೇಲೆ ಅನುಮಾನದಿಂದಲ್ಲ ಎಂದು ಆಕೆಗೂ ಮನೆಯವರಿಗೂ ಹೇಳಲೇಬೇಕು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಇಷ್ಟು ಕೇಳಿದ ಮೇಲೆ ನೀವು ಕೇಳುವಿರಿ: ದೊಡ್ಡ ಪರೀಕ್ಷೆಗಳಲ್ಲಿ ಇದು ಸಾಬೀತಾಗಿದೆಯೇ? ಇಲ್ಲ. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಹುಸಿಮಾತ್ರೆ ಎಂಬ ಕ್ರಮದ ಪರೀಕ್ಷೆಗೆ ಬೇಕಾದಷ್ಟು ರೋಗಿಗಳು ಒಂದೂರಿನಲ್ಲಿ, ಒಂದು ದೇಶದಲ್ಲಿ ಸಿಗುವುದಿಲ್ಲ. ಫ್ಲುಯೊಕ್ಸೆಟಿನ್‌ನ ಪೇಟೆಂಟ್ ಅಮೆರಿಕದಲ್ಲಿ 2001ರಲ್ಲೇ ಮುಗಿಯಿತು. ನಮ್ಮಲ್ಲಿ ಅದು ಕೆಲವೇ ರೂಪಾಯಿಯ ಮಾತ್ರೆ. ಅದರ ಹೊಸ ಉಪಯೋಗವನ್ನು ಸಾಬೀತುಪಡಿಸಿ ಲಾಭ ಗಳಿಸುವವರು ಯಾರೂ ಇಲ್ಲ, ಹಾಗಾಗಿ ಹಣ ಹೂಡುವವರೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ವಿಜ್ಞಾನದ ಸೋಲಲ್ಲ, ವ್ಯವಸ್ಥೆಯದು. ವಂಶವಾಹಿ ತಿಳಿದಿದೆ, ನಾಳ ಹೇಗೆ ಕೆಟ್ಟಿದೆಯೆಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಗೊತ್ತಿದೆ, ಔಷಧ ಆ ಕೆಡುಕನ್ನು ಹೇಗೆ ತಡೆಯುತ್ತದೆಂದೂ ಕಂಡಾಗಿದೆ, ಬೇರೆಬೇರೆ ದೇಶದ ರೋಗಿಗಳು ಸುಧಾರಿಸಿದ್ದಾರೆ. ಇಂಥಲ್ಲಿ ದೊಡ್ಡ ಪರೀಕ್ಷೆ ಇಲ್ಲವೆಂದು ಔಷಧ ನಿರಾಕರಿಸುವುದು ತಪ್ಪೆಂದು ನಾನು ಭಾವಿಸುತ್ತೇನೆ.

ಈ ಮಾತು ಹಳೆಯ ಮಾತ್ರೆಗಳ ಎಲ್ಲ ಹೊಸ ಉಪಯೋಗಗಳಿಗೂ ಅನ್ವಯಿಸದು. 2014ರಲ್ಲಿ ಡುಷೆನ್ ಸ್ನಾಯುಕ್ಷಯ ಎಂಬ ಇನ್ನೊಂದು ಸ್ನಾಯುರೋಗವಿರುವ ಜೀಬ್ರಾಮೀನುಗಳಲ್ಲಿ ಫ್ಲುಯೊಕ್ಸೆಟಿನ್ ಸ್ನಾಯುಗಳನ್ನು ಕಾಪಾಡಿದ್ದನ್ನು ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಒಳ್ಳೆಯ ಸಂಶೋಧನೆಯೇ ಸರಿ. ಆದರೆ ಮೀನಿನಲ್ಲಿ ಕಂಡದ್ದು ಮಗುವಿನ ಚಿಕಿತ್ಸೆಯಾಗಲು ಬಹಳ ದೂರವಿದೆ. ಡುಷೆನ್ ಮಕ್ಕಳ ತಂದೆತಾಯಿಯರು ಸುದ್ದಿಯ ತಲೆಬರಹ ನೋಡಿ ಅಂಗಡಿಯಿಂದ ಈ ಮಾತ್ರೆ ತಂದು ಕೊಡಬಾರದು. ಒಂದೇ ಮಾತ್ರೆ, ಎರಡು ಸ್ನಾಯುರೋಗ, ಪುರಾವೆಯ ತೂಕ ಅಜಗಜಾಂತರ.

ನಮ್ಮ ನಾಡಿನ ಸ್ಥಿತಿ ಏನು? ಅಕ್ಕನ ಮಗಳನ್ನು, ಅತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ದಕ್ಷಿಣದಲ್ಲಿ ಇನ್ನೂ ಇದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಜನ್ಮಜಾತ ಮಯಸ್ತೀನಿಯದ ಬಗೆಗಳು ಹಾಗಾಗಿ ಇಲ್ಲಿ ಹೆಚ್ಚು. ನಿಮ್ಹಾನ್ಸ್ ತಜ್ಞರು ವಿದೇಶದ ಸಹೋದ್ಯೋಗಿಗಳೊಡನೆ ಭಾರತದ ರೋಗಿಗಳ ದೊಡ್ಡ ಅಧ್ಯಯನವೊಂದನ್ನು 2024ರಲ್ಲಿ ಬ್ರೈನ್ ಪತ್ರಿಕೆಯಲ್ಲಿ ಪ್ರಕಟಿಸಿರುವುದು ಹೆಮ್ಮೆಯ ಸಂಗತಿ. ಸ್ಲೋ-ಚಾನೆಲ್ ಬಗೆಗೆ ಮಾತ್ರ ಒಂದೇ ಕಡೆಯ ದೋಷ ಸಾಕು. ಸಂಬಂಧದೊಳಗಿನ ಮದುವೆ ಬೇಕಿಲ್ಲ. ಕೆಲವೊಮ್ಮೆ ಮನೆತನದಲ್ಲಿ ಯಾರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟು. "ನಮ್ಮಲ್ಲಿ ಸೋದರಿಕೆ ಮದುವೆ ಆಗಿಲ್ಲ, ವಂಶದ ರೋಗ ಹೇಗೆ ಬರುತ್ತೆ?" ಎಂದು ಕೇಳುವ ಮನೆಯವರಿಗೆ ವೈದ್ಯರು ಇದನ್ನು ಬಿಡಿಸಿ ಹೇಳಬೇಕು.

ಅಪರೂಪದ ರೋಗವೆಂದರೆ ಪತ್ರಿಕೆ ಓದುವವರಿಗೆ ನೆನಪಾಗುವುದು ಬೆನ್ನುಹುರಿಯ ಸ್ನಾಯುಕ್ಷಯದ ಮಕ್ಕಳಿಗೆ ಕೊಡುವ, 16 ಕೋಟಿ ರೂಪಾಯಿಯ ಆಸುಪಾಸಿನ ಒಂದೇ ಚುಚ್ಚುಮದ್ದು. ನಮ್ಮ ರಾಜ್ಯದ ಕುಟುಂಬಗಳೂ ಜನರ ಮುಂದೆ ಸೆರಗೊಡ್ಡಿ ಹಣ ಕೂಡಿಸಿವೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ನೆರವಿನ ಮಿತಿಯನ್ನು ಮರುವರ್ಷ 50 ಲಕ್ಷಕ್ಕೆ ಏರಿಸಿದ್ದಾರೆ. ಅದೂ ಬೇಕು. ಆದರೆ ಸ್ಲೋ-ಚಾನೆಲ್ ರೋಗದಲ್ಲಿ ಬಡವರಿಗೆ ಎಟುಕದಿರುವುದು ಮಾತ್ರೆಯಲ್ಲ, ರೋಗದ ಹೆಸರು. ವಂಶವಾಹಿ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ ಬೇಕು, ಅದನ್ನು ಬರೆಯಬೇಕೆಂದು ಹೊಳೆಯುವ ವೈದ್ಯರು ಬೇಕು. ಜಿಲ್ಲಾ ಆಸ್ಪತ್ರೆಯಿಂದಲೇ ರಕ್ತದ ಮಾದರಿ ಕಳುಹಿಸಿ ಉಚಿತವಾಗಿ ಪರೀಕ್ಷೆ ಮಾಡಿಸುವ ಏರ್ಪಾಡನ್ನು ಸರ್ಕಾರ ಮಾಡಬೇಕು. ದತ್ತಿಗಳನ್ನು ಇಡುವ ಕುಟುಂಬಗಳು, ಒಂದೆರಡು ಮಕ್ಕಳ ಪರೀಕ್ಷೆಯ ಖರ್ಚು ಹೊತ್ತರೂ ಅದು ದೊಡ್ಡ ದಾನ.

ಈ ರೋಗವಿರುವ ಮನೆಯವರಲ್ಲಿ ನನ್ನ ಕೋರಿಕೆ: ನನ್ನ ಉಪನ್ಯಾಸ ಓದಿ ಯಾರೂ ಮಾತ್ರೆ ಶುರುಮಾಡಬೇಡಿ, ನಡೆಯುತ್ತಿರುವ ಮಾತ್ರೆಯನ್ನು ನಿಲ್ಲಿಸಲೂಬೇಡಿ; ನರರೋಗ ತಜ್ಞರ ಬಳಿ ಹೋಗಿ ವಂಶವಾಹಿ ಪರೀಕ್ಷೆಯ ವಿಷಯ ಕೇಳಿ. ಯುವ ವೈದ್ಯರಲ್ಲಿ ಒಂದೇ ಕೋರಿಕೆ. ಪಿರಿಡೊಸ್ಟಿಗ್ಮಿನ್ ಕೊಟ್ಟ ಮೇಲೆ ಮಗು ಇನ್ನೂ ಸೋತಿತು ಎಂದು ತಾಯಿ ಹೇಳಿದರೆ, ಮಾತ್ರೆ ಸರಿಯಾಗಿ ಕೊಟ್ಟಿಲ್ಲವೆಂದು ಆಕೆಯನ್ನು ಗದರಿಸಬೇಡಿ. ಆ ಮಾತನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ, ಮಾತ್ರೆಯನ್ನು ತಡೆಹಿಡಿಯಿರಿ, ಮಗುವನ್ನು ಪರೀಕ್ಷೆಗೆ ಕಳುಹಿಸಿ.